ಅಂಗಾಲಿನ ಸುಣ್ಣ

ಮೊದಲು ಬಂದವಳು ನಾನು. ಇದನ್ನು ಈಗಲೇ ಹೇಳಿಬಿಡುತ್ತೇನೆ. ಆಮೇಲೆ ಕೇಳಿದರೆ ಊರಿನವರು ಏನೇನೋ ಹೇಳುತ್ತಾರೆ. ತಾಲ್ಲೂಕು ಕ್ರೀಡಾಕೂಟದಲ್ಲಿ ಹುಡುಗಿಯರ ಎಂಟುನೂರು ಮೀಟರ್ ಓಟದ ದಾರಕ್ಕೆ ಮೊದಲು ಎದೆ ಕೊಟ್ಟವಳು ರಮಾಬಾಯಿ, ಹತ್ತನೇ ಕ್ಲಾಸು, ಭೀಮನ ಮಗಳು, ಕಾಲೋನಿಯವಳು. ಅದು ನಾನು. ಗೆದ್ದವರ ಹಲಗೆ ಹತ್ತಿ ಮೆಡಲು ಹಾಕಿಸಿಕೊಂಡವಳು ಮೇಘಶ್ರೀ. ಅವಳು ಕಾಂತರಾಜು ಗೌಡರ ಮಗಳು, ನನ್ನ ಕ್ಲಾಸಿನವಳೇ.

ಹಿಂದಿನ ಸಂಜೆಯಿಂದ ಹೇಳಬೇಕು. ನನ್ನ ಕಾಲು ಸೋತದ್ದು ಮೈದಾನದಲ್ಲಲ್ಲ.

ಅರಕಲಗೂಡಿನ ನಮ್ಮ ಸೀಮೆಯಲ್ಲಿ ಆಗಸ್ಟ್ ಬಂತೆಂದರೆ ಹೊಗೆಸೊಪ್ಪಿನ ಕಾಲ. ಬೆಳಿಗ್ಗೆ ಹೊಲದಲ್ಲಿ ಸೊಪ್ಪು ಮುರಿಯಬೇಕು. ಮಧ್ಯಾಹ್ನ ಅದನ್ನು ಕೋಲಿಗೆ ಕಟ್ಟಬೇಕು. ಸಂಜೆ ಬ್ಯಾರನ್ನಿಗೆ ಏರಿಸಬೇಕು. ಬ್ಯಾರನ್ ಎಂದರೆ ಬೆಂಕಿಯ ಕಾವಿನಲ್ಲಿ ಸೊಪ್ಪು ಬೇಯಿಸುವ ಮನೆ. ಎತ್ತರದ ಗೋಡೆ, ಒಳಗೆ ಒಂದರ ಮೇಲೊಂದು ಅಡ್ಡ ತೊಲೆಗಳ ಸಾಲು. ಹತ್ತುವವರು ಒಂದು ಕಾಲು ಈ ತೊಲೆಯ ಮೇಲೆ, ಇನ್ನೊಂದು ಕಾಲು ಆಚೆಯ ತೊಲೆಯ ಮೇಲೆ ಇಟ್ಟು ನಿಲ್ಲಬೇಕು. ಕೆಳಗಿನವರು ಕೊಡುವ ಕೋಲನ್ನು ಬಗ್ಗಿ ಇಸಿದುಕೊಂಡು ತಲೆಯ ಮೇಲಿನ ಸಾಲಿಗೆ ಎತ್ತಿ ಇಡಬೇಕು. ಹಸಿ ಸೊಪ್ಪು ಕಟ್ಟಿದ ಕೋಲು ತುಂಬಿದ ಕೊಡದಷ್ಟು ಭಾರ. ಸಾಲು ತುಂಬುವ ತನಕ ಎರಡು ತೊಡೆ ಹತ್ತಿರ ತರುವಂತಿಲ್ಲ.

ಗೌಡರ ಬ್ಯಾರನ್ನಿನಲ್ಲಿ ಮೊದಲು ಅಪ್ಪ ಹತ್ತುತ್ತಿದ್ದ. ಮೇಲಿನ ತೊಲೆಯಿಂದ ಬಿದ್ದು ಸೊಂಟ ಮುರಿದುಕೊಂಡ. ಈಗ ಗೋಡೆಗೆ ಒರಗಿ ಕೂತಿರುತ್ತಾನೆ, ಎದ್ದು ಹೊರಗೆ ಹೋಗಲೂ ನಾವೇ ಹಿಡಿಯಬೇಕು. ಅಪ್ಪ ಬಿದ್ದ ವಾರ ಗೌಡರು ನಮ್ಮ ಬಾಗಿಲಿಗೆ ಬಂದರು. ನೋಡಿಕೊಂಡು ಹೋಗಲು ಬಂದರು ಎಂದುಕೊಂಡು ಅವ್ವ ಕಣ್ಣೊರೆಸಿಕೊಂಡಳು.

"ಲಕ್ಕಮ್ಮ, ನಿನ್ ಮಗಳು ಅಗುರಾಗವಳೆ. ಅವಳನ್ನ ಅತ್ಸು," ಎಂದರು ಗೌಡರು.

ಅವತ್ತಿನಿಂದ ನಾನು ಹತ್ತುತ್ತೇನೆ.

ಓಟದ ಹಿಂದಿನ ಸಂಜೆ ನಾನು ಬ್ಯಾರನ್ ಬಾಗಿಲಲ್ಲಿ ನಿಂತು ಕೇಳಿದೆ. "ಗೌಡ್ರೇ, ನಾಳೆ ನಂಗೆ ಓಟ ಐತೆ. ಇವತ್ತೊಂದಿನ ಬ್ಯಾರೆಯೋರ್ನ ಅತ್ಸಿ."

"ಕಟ್ಟಿರೋ ಸೊಪ್ಪು ನಿನ್ ಓಟ ಮುಗಿಯೋಗಂಟ ಕಾಯ್ಕಂಡ್ ಕೂತ್ಕತದಾ? ಬೆಚ್ಚಗಾಗಿ ಕೊಳೀತದೆ ಅಷ್ಟೇಯ. ಅತ್ತು, ಅತ್ತು," ಎಂದರು. ಸಿಟ್ಟಿನಿಂದೇನೂ ಹೇಳಲಿಲ್ಲ. ಕರುವನ್ನು ಕೊಟ್ಟಿಗೆಗೆ ಹೊಡೆಯುವಾಗ ಯಾರಿಗೆ ಸಿಟ್ಟು ಬರುತ್ತದೆ?

ತೊಲೆಯ ಮೇಲಿಂದ ಬ್ಯಾರನ್ನಿನ ಬಾಗಿಲಾಚೆ ಗೌಡರ ಮನೆಯ ಜಗುಲಿ ಕಾಣುತ್ತದೆ. ಮೇಘಶ್ರೀ ಉಪ್ಪು ಹಾಕಿದ ಬಿಸಿನೀರಿನ ಟಬ್ಬಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಳು. ಅವಳಮ್ಮ ಮೊಣಕಾಲಿಗೆ ಎಣ್ಣೆ ಉಜ್ಜುತ್ತಿದ್ದರು. ನಾಳೆಯ ಅದೇ ಓಟಕ್ಕೆ ಅವಳ ಕಾಲು ಹಾಗೆ ತಯಾರಾಗುತ್ತಿತ್ತು, ನನ್ನ ಕಾಲು ಹೀಗೆ. ನನ್ನ ತೊಡೆ ನಡುಗಲು ಶುರುವಾಗಿ ತೊಲೆಯೂ ನಡುಗಿತು. ಕೆಳಗಿದ್ದ ಅವ್ವ ತಲೆಯೆತ್ತಿ ನೋಡಿದಳು. ಮುಂದಿನ ಕೋಲು ಕೊಟ್ಟಳು.

ಅವತ್ತು ಮಳೆಗೆ ನೆಂದ ಸೊಪ್ಪು. ನೆಂದ ಸೊಪ್ಪಿನ ನೀರು ಮೈಗಿಳಿದರೆ ತಲೆ ಸುತ್ತುತ್ತದೆ, ಹೊಟ್ಟೆ ತೊಳಸುತ್ತದೆ. ಉಂಡ ಮುದ್ದೆ ಉಳಿಯಲಿಲ್ಲ. ಇನ್ನು ಅಂಟಿನ ಮಾತು. ಸೊಪ್ಪಿನ ಅಂಟು ಕೈಗೂ ಕಾಲಿಗೂ ಕರ್ರಗೆ ಮೆತ್ತಿಕೊಳ್ಳುತ್ತದೆ. ಸೋಪಿಗೆ ಬಗ್ಗುವುದಿಲ್ಲ. ಟೊಮೆಟೊ ಹಿಚುಕಿ ತಿಕ್ಕಿದರೆ ಒಂದಷ್ಟು ಬಿಡುತ್ತದೆ. ಸಾರಿಗೆ ಇಲ್ಲದ ಟೊಮೆಟೊ ಕಾಲಿಗೆ ಎಲ್ಲಿಂದ ತರುವುದು? ತೊಳೆಯದೆ ಮಲಗಿದೆ.

ಗೆದ್ದ ಒಬ್ಬಳಿಗೆ ಮಾತ್ರ ಹಾಸನಕ್ಕೆ ಹೋಗುವ ಅವಕಾಶ. ಅಲ್ಲಿನ ಜಿಲ್ಲಾ ಕೂಟಕ್ಕೆ, ಸ್ಪೋರ್ಟ್ಸ್ ಹಾಸ್ಟೆಲಿಗೆ ಮಕ್ಕಳನ್ನು ಆರಿಸುವವರು ಬರುತ್ತಾರೆ ಎಂದು ಶಾಲೆಯಲ್ಲಿ ಹೇಳಿದ್ದರು. ಅಲ್ಲಿ ಸೇರಿದರೆ ಶೂ ಕೊಡುತ್ತಾರಂತೆ, ದಿನಾ ಮೊಟ್ಟೆ ಕೊಡುತ್ತಾರಂತೆ. ನನಗೆ ಮೊಟ್ಟೆಯ ಆಸೆ ಇರಲಿಲ್ಲ. ಅಲ್ಲಿ ಬ್ಯಾರನ್ ಇಲ್ಲ. ಇದು ಹೈಸ್ಕೂಲಿನ ಕೊನೆಯ ವರ್ಷ. ಈ ವರ್ಷ ಹೋಗದಿದ್ದರೆ ನಾನು ಅಪ್ಪನ ಹಾಗೆ ಬೀಳುವ ತನಕ ತೊಲೆಯ ಮೇಲೆಯೇ.

ಕೂಟ ನಡೆದದ್ದು ನಮ್ಮ ಶಾಲೆಯ ಮೈದಾನದಲ್ಲಿ. ಬೆಳಕು ಹರಿಯುವ ಹೊತ್ತಿಗೆ ಪಿ.ಟಿ. ಮಾಸ್ಟರ್ ಸಂಪತ್ಕುಮಾರ ಸಾ ಸುಣ್ಣ ಹಾಕಲು ಕರೆದಿದ್ದರು. ಓಟದ ಗೆರೆಗಳಿಗೆ ಸುಣ್ಣ ಹಾಕುವುದು ಯಾವತ್ತೂ ಕಾಲೋನಿ ಮಕ್ಕಳ ಕೆಲಸ. ಹಾಗಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಿಮ್ಮ ಕೈ ಪಳಗಿದೆ ಎನ್ನುತ್ತಾರೆ. ಸಂಪತ್ಕುಮಾರ ಸಾ ಹೊಳೆನರಸೀಪುರದವರು, ದೇವಸ್ಥಾನದ ಬೀದಿಯವರು. ಬೈಯುವುದಿಲ್ಲ, ಹೊಡೆಯುವುದಿಲ್ಲ. ಹುಡುಗಿಯರನ್ನು ಅಮ್ಮ ಎನ್ನದೆ ಮಾತಾಡಿಸುವುದಿಲ್ಲ. ಓಟದ ಮುಂಚೆ ಗ್ಲೂಕೋಸ್ ಕೊಡುವಾಗ ಬೇರೆ ಮಕ್ಕಳ ಅಂಗೈಗೆ ಚಮಚ ತಾಗಿಸಿ ಹಾಕುತ್ತಾರೆ. ನಮ್ಮ ಅಂಗೈಗೆ ಮೇಲಿಂದ ಸುರಿಯುತ್ತಾರೆ. ಗಾಳಿ ಬೀಸಿದರೆ ಅರ್ಧ ಗಾಳಿಯ ಪಾಲು.

"ಚಪ್ಪಲಿ ಬಿಟ್ಟು ಬಾಮ್ಮ, ಗೆರೆ ಮೇಲೆ ಗುರುತು ಬೀಳುತ್ತೆ," ಎಂದರು.

ತೂತು ಹೊಡೆದ ಡಬ್ಬ ಹಿಡಿದು, ಬಗ್ಗಿ, ಹಗ್ಗದ ಗುಂಟ ಮೈದಾನ ಸುತ್ತಿದೆ. ಒಳಗೆರೆ, ಹೊರಗೆರೆ, ಓಟ ಮುಗಿಯುವ ಜಾಗದ ಅಡ್ಡಗೆರೆ. ಕಾಲಿನ ಬಿರುಕಿಗೆ ಸುಣ್ಣ ಇಳಿದು ಉರಿಯಿತು. ಅಂಗಾಲಿನ ಕರಿ ಅಂಟಿನ ಮೇಲೆ ಸುಣ್ಣ ಕೂತು ಬಿಳಿ ಬಳಿದಂತಾಯಿತು. ನಲ್ಲಿಯ ಕೆಳಗೆ ಕಾಲಿಟ್ಟು ಕಲ್ಲಿಗೆ ಉಜ್ಜಿದೆ. ಹೋಗಲಿಲ್ಲ. ಹಾಳಾಗಿ ಹೋಗಲಿ ಎಂದು ಬಿಟ್ಟೆ.

ಬಿಸಿಲು ಏರಿದ ಮೇಲೆ ನಮ್ಮ ಓಟವನ್ನು ಕೂಗಿದರು. ವೇದಿಕೆಯ ಮೇಲೆ ಕಾಂತರಾಜು ಗೌಡರು ಶಾಲು ಹೊದ್ದು ಕೂತಿದ್ದರು. ಅವತ್ತಿನ ಊಟ, ಮಕ್ಕಳ ಟೋಪಿ, ಮೆಡಲು ಎಲ್ಲ ಅವರ ದಾನ. ಸಂಪತ್ಕುಮಾರ ಸಾ ನನ್ನ ಅಂಗೈಗೆ ಮೇಲಿಂದ ಗ್ಲೂಕೋಸ್ ಸುರಿದು, ಪಕ್ಕಕ್ಕೆ ಕರೆದರು.

"ರಮಾ, ಪ್ರಾಕ್ಟೀಸಲ್ಲಿ ಮಾಡ್ತಿದ್ದ ಹಾಗೇ ಮಾಡಮ್ಮ. ಮೂರು ರೌಂಡ್ ನೀನು ಮುಂದೆ ಎಳ್ಕೊಂಡು ಹೋಗು. ಬೇರೆ ಶಾಲೆಯವರು ನಿನ್ನ ಹಿಂದೆ ಓಡಿ ಸುಸ್ತಾಗ್ತಾರೆ. ಕೊನೇ ರೌಂಡಲ್ಲಿ ಮೇಘಶ್ರೀಗೆ ದಾರಿ ಬಿಡು."

"ಆಮ್ಯಾಕೆ ನಾನು, ಸಾ?"

"ನೀನು ಎರಡನೇದು ಬಾ. ಎರಡು ಸ್ಥಾನವೂ ನಮ್ಮ ಶಾಲೆಗೇ ಬಂತಲ್ಲ."

"ಆಸ್ನಕ್ಕೆ ಒಬ್ರೇ ಅಲ್ವಾ ಸಾ ಓಗೋದು?"

ಅವರು ನನ್ನ ಕಾಲು ನೋಡಿದರು. "ನೋಡಮ್ಮ, ನಿಂತಲ್ಲೇ ನಡುಗ್ತಿದೆ. ಈ ಕಾಲಿಟ್ಕೊಂಡು ಹಾಸನದಲ್ಲಿ ಏನು ಓಡ್ತೀಯ? ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ನಾನು ತಲೆಯಾಡಿಸಿದೆ. ನಮ್ಮ ತಲೆಗೆ ಅದು ರೂಢಿ. ಕೇಳುವ ಮುಂಚೆಯೇ ಆಡಿಬಿಡುತ್ತದೆ.

ನಾಲ್ಕು ಸುತ್ತಿನ ಓಟ. ಶಿಳ್ಳೆ ಊದಿದ ಕೂಡಲೇ ಮುಂದೆ ಹೋದೆ. ಮೊದಲ ಸುತ್ತಿನಲ್ಲಿ ಕಾಲು ನನ್ನದೇ ಅಲ್ಲ ಎನಿಸಿತು. ತೊಡೆಯ ಒಳಭಾಗ ಸೀಳಿದ ಹಾಗೆ ನೋವು. ಎರಡು ತೊಲೆಯ ಮೇಲೆ ಅಗಲಿಸಿದ ಕಾಲು ಇನ್ನೂ ಕೂಡಿಕೊಂಡಿರಲಿಲ್ಲ. ಹಿಂದೆ ಮೇಘಶ್ರೀಯ ಶೂಗಳ ಸದ್ದು. ತಪ್, ತಪ್, ನನ್ನ ಬೆನ್ನಿಗೇ ಅಂಟಿಕೊಂಡು. ವರ್ಷವಿಡೀ ಪ್ರಾಕ್ಟೀಸಿನಲ್ಲಿ ಆ ಸದ್ದು ಎಳೆದಿದ್ದೆ. ಗಾಡಿ ಎತ್ತಿಗೆ ಗಾಡಿಯ ಸದ್ದು ಗೊತ್ತಿರುವಷ್ಟು ನನಗದು ಗೊತ್ತು.

ಎರಡನೇ ಸುತ್ತಿನಲ್ಲಿ ಬೇರೆ ಶಾಲೆಯವರು ಹಿಂದುಳಿದರು. ಮೂರನೇ ಸುತ್ತಿನ ತಿರುವಿನಲ್ಲಿ ಹೊಟ್ಟೆಯಿಂದ ಹುಳಿ ಕಿತ್ತುಕೊಂಡು ಬಂತು. ಓಡುತ್ತಲೇ ಪಕ್ಕಕ್ಕೆ ಉಗಿದೆ. ಸ್ವಲ್ಪ ಸಮವಸ್ತ್ರದ ಮೇಲೆ ಬಿತ್ತು. ಅಲ್ಲಿ ನಿಂತಿದ್ದ ಹುಡುಗರು ಥೂ ಎಂದು ನಕ್ಕರು. ನಗಲಿ. ಅವರ ಹೊಟ್ಟೆಗೆ ಹೊಗೆಸೊಪ್ಪಿನ ನೀರು ಇಳಿದಿಲ್ಲ.

ಕೊನೆಯ ಸುತ್ತಿನ ಗಂಟೆ ಬಾರಿಸಿದರು. ಸಂಪತ್ಕುಮಾರ ಸಾ ಗೆರೆಯ ಪಕ್ಕ ನಿಂತು ಮೆಲ್ಲಗೆ ಹೇಳಿದರು. "ಸಾಕಮ್ಮ. ಬಿಡು."

ಬಿಡಲಿಲ್ಲ.

ತೀರ್ಮಾನ ಮಾಡಿ ಬಿಡಲಿಲ್ಲ ಎಂದು ಸುಳ್ಳು ಹೇಳಲಾರೆ. ಆ ಹೊತ್ತಿಗೆ ತಲೆಯಲ್ಲಿ ಏನೂ ಇರಲಿಲ್ಲ. ಬ್ಯಾರನ್ನಿನಲ್ಲಿ ಸಾಲು ತುಂಬುವ ತನಕ ಇಳಿಯುವಂತಿಲ್ಲ. ಕಾಲಿಗೆ ಅದೊಂದು ಪಾಠವನ್ನು ಅವರೇ ಕಲಿಸಿದ್ದರು. ಕಾಲು ಅದನ್ನೇ ಮಾಡಿತು. ಹಿಂದಿನ ಶೂ ಹತ್ತಿರ ಬಂತು, ಪಕ್ಕಕ್ಕೆ ಬಂತು, ಮೇಘಶ್ರೀಯ ಏದುಸಿರು ಕಿವಿಗೆ ಬಡಿಯಿತು. "ಬುಡೇ, ಸಾ ಏಳವ್ರೆ, ಬುಡೇ," ಎಂದಳು. ನಾನು ಕೈ ಬೀಸಿ ಓಡಿದೆ. ಅವಳ ಶೂ ಮತ್ತೆ ಹಿಂದಾಯಿತು. ವೇದಿಕೆಯ ಮೇಲೆ ಗೌಡರು ಎದ್ದು ನಿಂತಿದ್ದು ಕಾಣಿಸಿತು. ಕೈಯಲ್ಲಿ ಫೋನು ಹಿಡಿದು ಮಗಳ ಓಟವನ್ನು ವಿಡಿಯೋ ಮಾಡುತ್ತಿದ್ದರು.

ದಾರ ಎದೆಗೆ ತಾಗಿತು. ಮಣ್ಣಿಗೆ ಬಿದ್ದೆ. ಬಿದ್ದಲ್ಲೇ ನಕ್ಕೆ.

ಬೇರೆ ಶಾಲೆಯಿಂದ ಬಂದಿದ್ದ ತೀರ್ಪುಗಾರ ಸಿದ್ದೇಶ್ವರ ಮಾಸ್ಟರ್ ನನ್ನ ನಂಬರು ಬರೆದುಕೊಂಡರು. ಆಗ ವೇದಿಕೆಯಿಂದ ಕರೆ ಬಂತು. ಹೋದರು. ಗೌಡರ ಹತ್ತಿರ ಬಗ್ಗಿ ಏನೋ ಕೇಳಿಸಿಕೊಂಡರು. ವಾಪಸು ಬಂದಾಗ ಅವರ ಮುಖ ಬೇರೆಯಾಗಿತ್ತು. ಹಿಂದೆಯೇ ಗೌಡರು ಬಂದರು, ಸಂಪತ್ಕುಮಾರ ಸಾ ಬಂದರು.

"ಒಳಗೆರೆ ತುಳಿದು ಅಡ್ಡ ಓಡಿದ್ದೀಯ ಅಂತ ಕಂಪ್ಲೇಂಟು. ಎಲ್ಲಿ, ಕಾಲೆತ್ತು," ಎಂದರು ಸಿದ್ದೇಶ್ವರ ಮಾಸ್ಟರ್.

ನಿಲ್ಲಲು ತ್ರಾಣವಿಲ್ಲದವಳು ಒಂಟಿ ಕಾಲಲ್ಲಿ ನಿಂತು ಇನ್ನೊಂದು ಕಾಲು ಎತ್ತಿದೆ. ಲಾಳ ಕಟ್ಟುವವನ ಮುಂದೆ ಎತ್ತು ಕಾಲು ಕೊಟ್ಟ ಹಾಗೆ. ಅವರು ಮುಟ್ಟಲಿಲ್ಲ. ಪೆನ್ನಿನ ತುದಿಯಿಂದ ತೋರಿಸಿದರು. "ನೋಡ್ರಿ, ಸುಣ್ಣ. ಗೆರೆ ತುಳಿಯದೆ ಎಲ್ಲಿಂದ ಬಂತು?"

ಜನ ಸೇರಿದರು. ಎಲ್ಲರೂ ನನ್ನ ಅಂಗಾಲು ನೋಡಿದರು.

"ಇದು ಬೆಳಿಗ್ಗೇದು, ಸಾ. ಈ ಗೆರೆ ಆಕ್ದೋಳೇ ನಾನು. ಸಂಪತ್ ಸಾರ್ನ ಕೇಳಿ."

ಸಂಪತ್ಕುಮಾರ ಸಾ ಕನ್ನಡಕ ತೆಗೆದು ಒರೆಸಿಕೊಂಡರು. "ಹಾಕಿದ್ದು ಹೌದಮ್ಮ. ಆದ್ರೆ ಬೆಳಿಗ್ಗೆ ಹತ್ತಿದ ಸುಣ್ಣ ನಾಲ್ಕು ರೌಂಡ್ ಓಡಿದ ಮೇಲೂ ಇರುತ್ತಾ?"

"ಸೊಪ್ಪಿನಂಟಿನ ಮ್ಯಾಲೆ ಕೂತೈತೆ, ಸಾ. ಅದು ಓಗಲ್ಲ. ಗೌಡ್ರನ್ನ ಕೇಳಿ. ನಿನ್ನೆ ಸಂಜೆ ಅವ್ರ ಬ್ಯಾರನ್ನಾಗೆ ಅತ್ತಿದ್ದೆ. ಅವ್ರದೇ ಅಂಟು."

ಹುಟ್ಟಿದಾಗಿನಿಂದ ಹೊಗೆಸೊಪ್ಪಿನಲ್ಲೇ ಬೆಳೆದ ಮನುಷ್ಯ ಗೌಡರು. ಅಂಟು ಎಂದರೆ ಏನು, ಎಷ್ಟು ದಿನ ಇರುತ್ತದೆ ಎಂದು ಅವರಿಗಿಂತ ಬಲ್ಲವರು ಆ ಮೈದಾನದಲ್ಲಿ ಇರಲಿಲ್ಲ. ನನ್ನ ಅಂಗಾಲನ್ನು ಒಂದು ಗಳಿಗೆ ನೋಡಿದರು. ಬಿಳಿಯ ಅಂಚಿನಲ್ಲಿ ಕರಿ ಇಣುಕುತ್ತಿತ್ತು.

"ಅಂಟೋ ಗಿಂಟೋ, ನಂಗೇನ್ ಗೊತ್ತು? ರೂಲ್ಸ್ ಏನೈತೋ ಅಂಗೆ ಮಾಡಿ ಮಾಸ್ಟ್ರೆ," ಎಂದರು.

"ನೀವು ವಿಡಿಯೋ ಮಾಡಿದ್ರಲ್ಲ ಗೌಡ್ರೇ. ಅದ್ರಾಗೆ ನೋಡಿ."

ಗೌಡರು ಫೋನನ್ನು ಜೇಬಿಗೆ ಹಾಕಿಕೊಂಡರು. ಸುಣ್ಣ ಹಾಕಿದವಳು ನಾನು ಎಂದು ಮಾಸ್ಟರಿಗೆ ಗೊತ್ತು. ಅಂಟು ಹೋಗುವುದಿಲ್ಲ ಎಂದು ಗೌಡರಿಗೆ ಗೊತ್ತು. ಅರ್ಧ ಸತ್ಯ ಒಬ್ಬರ ಬಾಯಲ್ಲಿ, ಉಳಿದರ್ಧ ಇನ್ನೊಬ್ಬರ ಬಾಯಲ್ಲಿ. ಇಬ್ಬರೂ ನುಂಗಿ ನೀರು ಕುಡಿದರು.

ಸಿದ್ದೇಶ್ವರ ಮಾಸ್ಟರ್ ಮೇಘಶ್ರೀ ಕಡೆ ತಿರುಗಿದರು. "ನೀನು ಇವಳ ಹಿಂದೇನೇ ಇದ್ದೆಯಲ್ಲಮ್ಮ. ಗೆರೆ ತುಳಿದಳಾ?"

ಓಟದುದ್ದಕ್ಕೂ ನನ್ನ ಕಾಲು ಬಿಟ್ಟು ಬೇರೇನೂ ನೋಡದವಳು ಮೇಘಶ್ರೀ. ಬೇರೇನು ನೋಡಲು ಸಾಧ್ಯವಿತ್ತು, ನಾನೇ ಮುಂದಿದ್ದೆ. ಅವಳು ಅಪ್ಪನ ಮುಖ ನೋಡಿದಳು. ನೆಲ ನೋಡಿದಳು. "ನಾನು ನೋಡ್ಲಿಲ್ಲ, ಸಾ," ಎಂದಳು.

ಅಷ್ಟೇ. ತುಳಿದಳು ಎಂದಿದ್ದರೆ ನಾನು ಅವಳ ಜುಟ್ಟು ಹಿಡಿಯುತ್ತಿದ್ದೆ. ನೋಡಲಿಲ್ಲ ಎಂದವಳನ್ನು ಏನು ಮಾಡುವುದು?

ನನ್ನ ನಂಬರಿಗೆ ಗೀಟು ಹಾಕಿ, ಮೈಕಿನಲ್ಲಿ ಅವಳ ಹೆಸರು ಕೂಗಿದರು. ಮೇಘಶ್ರೀ ಹಲಗೆ ಹತ್ತಿದಳು. ಅವಳಪ್ಪನೇ ಅವಳಿಗೆ ಮೆಡಲು ಹಾಕಿದರು. ಜನ ಚಪ್ಪಾಳೆ ತಟ್ಟಿದರು. ನಮ್ಮ ಕಾಲೋನಿಯ ಮಕ್ಕಳೂ ತಟ್ಟಿದರು. ಊಟ ಗೌಡರದ್ದಲ್ಲವೇ? ನಾನು ನಲ್ಲಿಯ ಹತ್ತಿರ ಕೂತು ಬಾಯಿ ತೊಳೆದುಕೊಂಡೆ. ಕಣ್ಣಲ್ಲಿ ನೀರು ಬರಲಿಲ್ಲ.

ಆಗ ಸಂಪತ್ಕುಮಾರ ಸಾ ಬಂದರು. ಕೈಯಲ್ಲಿ ಸುಣ್ಣದ ಡಬ್ಬ.

"ರಮಾ, ಬೇಜಾರು ಮಾಡ್ಕೋಬೇಡ. ರಿಲೇ ಓಟ ಬಾಕಿ ಇದೆ. ಗೆರೆ ಅಲ್ಲಲ್ಲಿ ಮಾಸಿದೆ. ಒಂದು ಸುತ್ತು ಸುಣ್ಣ ಹಾಕ್ಬಿಡಮ್ಮ."

ನಾನು ಅವರ ಮುಖ ನೋಡಿದೆ. ಅಣಕ ಇರಲಿಲ್ಲ ಅಲ್ಲಿ. ಇದ್ದಿದ್ದರೆ ವಾಸಿಯಿತ್ತು. ನಿಜವಾಗಿಯೂ ಅವರಿಗೆ ಗೆರೆ ಬೇಕಿತ್ತು, ಗೆರೆ ಹಾಕುವವಳು ನಾನಿದ್ದೆ, ಅದಕ್ಕೇ ಬಂದಿದ್ದರು. ಮನುಷ್ಯ ಹೀಗೂ ಇರುತ್ತಾನೆ ಎಂದು ಅವತ್ತು ಕಂಡೆ.

"ಆಕಲ್ಲ," ಎಂದೆ.

"ಏನಂದೆ?"

"ಸುಣ್ಣ ಆಕಲ್ಲ."

ಆ ಮಾತಿನ ಕೊನೆಗೆ ಸಾ ಹಚ್ಚಲಿಲ್ಲ. ಅದು ಅವರಿಗೆ ಮೊದಲು ನಾಟಿತು. "ನಿಮ್ಮ ತಾಯಿಗೆ ಹೇಳಿಸ್ತೀನಿ," ಎಂದರು. "ಗೌಡರಿಗೆ ಹೇಳ್ತೀನಿ."

ಹೇಳಲಿ. ಎದ್ದೆ. ತೊಡೆ ಒಪ್ಪಲಿಲ್ಲ, ಮೊಣಕಾಲು ಹಿಡಿದು ಎದ್ದೆ. ಓಟ ಶುರುವಾಗುವ ಜಾಗಕ್ಕೆ ಹೋಗಿ ಒಳಗೆರೆಯ ಮೇಲೆ ಎರಡೂ ಕಾಲಿಟ್ಟು ನಿಂತೆ. ಹಿಮ್ಮಡಿ ಊರಿ, ಪಾದ ಎಳೆಯುತ್ತ, ಗೆರೆಯನ್ನು ಅಳಿಸಿಕೊಂಡು ನಡೆದೆ. ನಾನು ಹಾಕಿದ ಗೆರೆ. ನನ್ನ ಬೆನ್ನು ಬಗ್ಗಿಸಿ ಹಾಕಿದ್ದು. ಸುಣ್ಣ ಕೆಂಪು ಮಣ್ಣಿಗೆ ಬೆರೆತು ಹೋಯಿತು. ಬಿರುಕಿಗೆ ಸುಣ್ಣ ಇಳಿದು ರಕ್ತ ಬಂತು. ತಿರುವಿನಲ್ಲಿ ಯಾರೋ "ಏಯ್, ಇಡ್ಕಳ್ರೋ ಅವಳ್ನ," ಎಂದರು. ಯಾರೂ ಹಿಡಿಯಲಿಲ್ಲ. ಮುಟ್ಟಬೇಕಾಗುತ್ತದಲ್ಲ.

ಸುತ್ತು ಮುಗಿಸಿ ಹಲಗೆಯ ಹತ್ತಿರ ಬಂದೆ. ಮೇಘಶ್ರೀ ಮೆಡಲು ಹಾಕಿಕೊಂಡು ಇನ್ನೂ ಅಲ್ಲೇ ನಿಂತಿದ್ದಳು. ಅವಳ ಮುಂದೆ ಕಾಲೆತ್ತಿ ಅಂಗಾಲು ತೋರಿಸಿದೆ. ಸುಣ್ಣ, ಮಣ್ಣು, ರಕ್ತ, ಅವಳಪ್ಪನ ಸೊಪ್ಪಿನ ಅಂಟು.

"ಈಗ ನೋಡ್ದ್ಯಾ?" ಎಂದೆ.

ಅವಳು ಬಗ್ಗಿ ಶೂ ಲೇಸು ಕಟ್ಟಿಕೊಂಡಳು. ಅದು ಬಿಚ್ಚಿರಲೇ ಇಲ್ಲ.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅವ್ವ ಬಾಗಿಲಲ್ಲೇ ಹಿಡಿದುಕೊಂಡು ಪೊರಕೆಯಿಂದ ಹೊಡೆದಳು. ಕಾಲಿಗೇ ಹೊಡೆದಳು.

"ಬಡವನ್ ಸಿಟ್ಟು ದವಡೆಗೆ ಮೂಲ ಅಂತ ಎಷ್ಟು ಸಲ ಏಳಿವ್ನಿ ನಿಂಗೆ. ಗೌಡ್ರ ಮುಂದೆ ಕಾಲೆತ್ತುದ್ಯಾ? ಅವ್ರ ಮಗಳ ಮಕಕ್ಕೆ ಕಾಲು ತೋರ್ಸಿದ್ಯಾ?"

"ನಾನೇ ಮೊದ್ಲು ಬಂದಿದ್ದು ಕಣವ್ವ."

"ಮೊದ್ಲು ಬಂದು ಏನ್ ತಂದೆ? ತೋರ್ಸು, ಏನ್ ತಂದೆ?"

ಪೊರಕೆ ಮುರಿಯಿತು. ಗೋಡೆಗೆ ಒರಗಿದ್ದ ಅಪ್ಪ ಮುಖವನ್ನು ಆ ಕಡೆ ತಿರುಗಿಸಿಕೊಂಡ. ಅವ್ವ ಒಲೆಯ ಮುಂದೆ ಹೋಗಿ ಕೂತಳು. ಸಾರಿಗೆಂದು ಇಟ್ಟಿದ್ದ ಒಂದೇ ಒಂದು ಟೊಮೆಟೊ ತಂದು, ಹಿಚುಕಿ, ನನ್ನ ಕಾಲು ಎಳೆದು ತೊಡೆಯ ಮೇಲಿಟ್ಟುಕೊಂಡು ತಿಕ್ಕಿದಳು. ರಕ್ತ ಬಂದ ಕಡೆ ಹುಳಿ ತಾಗಿ ಉರಿಯಿತು. ನಾನು ಕಾಲು ಎಳೆದುಕೊಳ್ಳಲಿಲ್ಲ. ಅವ್ವ ಸುಣ್ಣ ನೋಡಿದಳು, ಸುಣ್ಣದ ಕೆಳಗಿನ ಅಂಟು ನೋಡಿದಳು. ತುಂಬ ಹೊತ್ತು ತಿಕ್ಕಿದಳು.

ಹೊತ್ತು ಇಳಿಯುವಾಗ ಕಾಲೋನಿಯ ಬಾಯಲ್ಲಿ ಗೌಡರ ಟ್ರ್ಯಾಕ್ಟರ್ ಹಾರನ್ ಹೊಡೆಯಿತು. ಗೌಡರದ್ದು ಎರಡು ಬ್ಯಾರನ್. ಒಂದನ್ನು ನಿನ್ನೆ ತುಂಬಿದ್ದೆವು, ಇವತ್ತು ಇನ್ನೊಂದು. ಸೊಪ್ಪು ಕಟ್ಟಿ ಆಗಿತ್ತು.

"ನಾನು ಅತ್ತಲ್ಲ," ಎಂದೆ. "ಇವತ್ತೂ ಅತ್ತಲ್ಲ, ಯಾವತ್ತೂ ಅತ್ತಲ್ಲ."

ಅವ್ವ ಎದ್ದು ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದಳು. "ನೀನು ಅತ್ತಲ್ಲ. ಸರಿ. ನಾನೂ ಅತ್ತಲ್ಲ ಅಂದ್ರೆ ನಿಮ್ಮಪ್ಪಂಗೆ ಏನ್ ಬೇಯಿಸಿ ಇಕ್ಕಲಿ?"

ಅವಳು ಟ್ರ್ಯಾಕ್ಟರ್ ಹತ್ತಲಿಲ್ಲ, ನಡೆದೇ ಹೋದಳು. ನಾನು ಹಿಂದೆ ಹೋದೆ. ಓಡಲು ಆಗಲಿಲ್ಲ.

ಬ್ಯಾರನ್ನಿನ ಒಳಗೆ ನಾನು ಗೋಡೆಯ ಬದಿ ನಿಂತೆ. ಕೋಲು ಮುಟ್ಟಲಿಲ್ಲ. ಅವ್ವ ತೊಲೆ ಹತ್ತಿದಳು. ನನ್ನವ್ವ ಯಾವತ್ತೂ ಹತ್ತಿದವಳಲ್ಲ. ಒಂದು ಕಾಲು ಇಲ್ಲಿ, ಇನ್ನೊಂದು ಅಲ್ಲಿ. ಅಪ್ಪ ಬಿದ್ದದ್ದು ಅವಳ ನೆತ್ತಿಯ ಮೇಲಿನ ತೊಲೆಯಿಂದ. ಮೊದಲ ಕೋಲು ಇಸಿದುಕೊಳ್ಳುವಾಗಲೇ ಅವಳ ಮೊಣಕಾಲು ಬಡಬಡ ನಡುಗಿತು. ಸೊಪ್ಪಿನ ನೀರು ಅವಳ ಮುಖದ ಮೇಲೆ ಸುರಿಯಿತು. ಕಾಲು ಕೂಡಿಸುವಂತಿಲ್ಲ. ನಾನು ಕಣ್ಣು ಮುಚ್ಚಿಕೊಳ್ಳಲಿಲ್ಲ. ನೋಡಲಿಲ್ಲ ಎನ್ನುವವಳು ನಾನಲ್ಲ.

ಗೌಡರು ಬಾಗಿಲಿಗೆ ಬಂದು ನಿಂತರು. ಮೇಲೆ ನೋಡಿದರು, ನನ್ನನ್ನು ನೋಡಿದರು. ಮೈದಾನದಲ್ಲಿ ಏನೂ ನಡೆದೇ ಇಲ್ಲವೇನೋ ಎನ್ನುವಂತೆ ಕೇಳಿದರು. "ಏನ್ ಲಕ್ಕಮ್ಮ, ನೀನ್ಯಾಕೆ ಅತ್ತಿದೀಯ ಈ ವಯಸ್ನಾಗೆ? ಇಲ್ಲೇ ನಿಂತವಳಲ್ಲ ನಿನ್ ಮಗಳು, ಅವಳ್ನ ಅತ್ಸು."

ಅವ್ವ ತೊಲೆಯ ಮೇಲಿಂದಲೇ, ಕೋಲು ಹಿಡಿದ ಕೈ ಇಳಿಸದೆ ಹೇಳಿದಳು.

"ಅವ್ಳು ಓಡಿ ದಣಿದವ್ಳೆ, ಗೌಡ್ರೇ. ಇವತ್ತು ಮೊದ್ಲು ಬಂದವ್ಳೆ."

ಕೆಳಗೆ ಕೋಲು ಕೊಡುತ್ತಿದ್ದವರ ಕೈ ನಿಂತಿತು. ಅವ್ವ ನಡುಗುವ ಕಾಲಲ್ಲೇ ಬಗ್ಗಿ, ಮುಂದಿನ ಕೋಲಿಗೆ ಕೈ ಚಾಚಿದಳು.